ಮೇಣದೊಳಗಿನ ಚೂರು

ಸುಮತಿಯಕ್ಕಾ, ಮಂಗಳೂರಿನ ಆಸ್ಪತ್ರೆಯವರು ಕೊಡಲಿಲ್ಲ ಎಂದು ನಾನು ಅಂದು ನಿಮಗೆ ಹೇಳಿದ್ದು ಸುಳ್ಳು. ಅವರು ಕೊಟ್ಟಿದ್ದರು. ನಿಮ್ಮ ಪತ್ರ ನೋಡಿ, ನನ್ನ ಸಹಿ ಹಾಕಿಸಿಕೊಂಡು, ಚಿಕ್ಕದೊಂದು ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಅಂಗೈಯಲ್ಲೇ ಇಟ್ಟಿದ್ದರು. ನಾನು ತರಲಿಲ್ಲ. ಮರೆತು ಅಲ್ಲ — ಬೇಕೆಂದೇ ಬಿಟ್ಟುಬಂದೆ.

ಹತ್ತು ವರ್ಷವಾಯಿತು. ನೀವು ರಜೆಯಲ್ಲಿ ಊರಿಗೆ ಹೋದಾಗ ಎದೆಯ ಗಂಟು ಪತ್ತೆಯಾಗಿ, ಅಲ್ಲೇ ಆಪರೇಷನ್ ಮಾಡಿಸಿಕೊಂಡು, ವಾಸದ ಪರವಾನಗಿ ಇಕಾಮಾ ಮುಗಿಯುವ ಮೊದಲು ಇಲ್ಲಿ ಗಲ್ಫಿಗೆ ಓಡಿಬಂದಿರಿ. ಬೇಗ ಸಿಕ್ಕಿದೆ, ಕಂಕುಳಿಗೆ ಹರಡಿಲ್ಲ ಎಂದರು ಇಲ್ಲಿನ ಡಾಕ್ಟರ್. ಕೀಮೋ ಬೇಕೇ ಬೇಡವೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ ಎಂದೂ ಹೇಳಿದರು. ಗಂಟಿನ ಚೂರು ಮಂಗಳೂರಿನಲ್ಲಿ ಮೇಣದಲ್ಲಿ ಹುದುಗಿಸಿಟ್ಟದ್ದು ಇತ್ತು. ಅದನ್ನು ತರಿಸಿ ಅಮೆರಿಕದ ಲ್ಯಾಬಿಗೆ ಕಳಿಸಿದರೆ, ಅದರೊಳಗಿನ ಜೀನ್‌ಗಳು ಹೇಗೆ ಕೆಲಸ ಮಾಡುತ್ತಿವೆ ಎಂದು ಅವರು ಓದಿ ಹೇಳುತ್ತಾರೆ. ಮೂರು ವಾರ ಕಾಯಬಹುದು, ಅದಕ್ಕಿಂತ ಹೆಚ್ಚಲ್ಲ ಎಂದಿದ್ದರು.

ಆಗ ಇಲ್ಲಿನ ಫರ್ವಾನಿಯಾದ ಫ್ಲ್ಯಾಟಿನಲ್ಲಿ ನಮ್ಮ ಎರಡು ಸಂಸಾರಕ್ಕೂ ಒಂದೇ ಅಡುಗೆಮನೆ. ನೀವು ಅಲ್ಲಿ ಈರುಳ್ಳಿ ಹೆಚ್ಚುತ್ತ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಜೆಸಿಂತಾ, ಆ ಚೂರಿಗೆ ಮಾತು ಬರ್ತದಂತೆ ಮಾರಾಯ್ತಿ. ಕೀಮೋ ಬೇಕಾ, ಬರೀ ಮಾತ್ರೆ ಸಾಕಾ ಅಂತ ಅದೇ ಹೇಳ್ತದಂತೆ. ನೀನು ಹೇಗೂ ಊರಿಗೆ ಹೋಗುವವಳಲ್ವಾ, ಅದೊಂದನ್ನು ತಂದುಬಿಡು."

ಇಲ್ಲಿಂದ ಊರಿಗೆ ಹೋಗುವವರ ಚೀಲ ಯಾವತ್ತು ತಾನೇ ಅವರದಾಗಿರುತ್ತದೆ? ಬರುವಾಗ ಒಬ್ಬರ ಹಪ್ಪಳ, ಇನ್ನೊಬ್ಬರ ಮೀನಿನ ಉಪ್ಪಿನಕಾಯಿ, ಮತ್ತೊಬ್ಬರ ಕಷಾಯದ ಪುಡಿ. ನಾನೂ ಹೂಂ ಎಂದೆ.

ಆಸ್ಪತ್ರೆಯ ಹೊರಗೆ ನಿಂತು ಡಬ್ಬಿ ತೆರೆದು ನೋಡಿದೆ. ಬಿಳಿ ಮೇಣದ ತುಂಡು. ನಡುವೆ ಕಂದು ಬಣ್ಣದ, ತೊಗರಿಬೇಳೆಯಷ್ಟು ಏನೋ ಒಂದು. ಇಷ್ಟೇನಾ ಅನಿಸಿತು. ಮರುಕ್ಷಣ ಮೈ ಜುಮ್ಮೆಂದಿತು. ಇದು ನಿಮ್ಮದು, ನಿಮ್ಮೊಳಗಿದ್ದದ್ದು. ನಿಮಗೇ ತಿಳಿಯದ, ಡಾಕ್ಟರಿಗೂ ತಿಳಿಯದ ನಿಮ್ಮ ಮುಂದಿನ ಮಾತು ಈ ಬೇಳೆಯೊಳಗೆ ಬರೆದಿದೆ, ಓದಬಲ್ಲವರು ಸಮುದ್ರದಾಚೆ ಇದ್ದಾರೆ — ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ.

ಆ ಬೆರಗು ಹೆದರಿಕೆಯಾದದ್ದು ಹೊರಡುವ ದಿನ ಬೆಳಿಗ್ಗೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಾನು ಬಸುರಿಯಾಗಿದ್ದೆ, ನಾಲ್ಕನೆಯ ತಿಂಗಳು. ಬಸುರಿ ಸಾವಿನ ಮನೆಗೆ ಕಾಲಿಡಬಾರದು ಎನ್ನುವ ಮನೆಯಲ್ಲಿ ಬೆಳೆದವಳು. ಡಬ್ಬಿಯನ್ನು ಕೈಚೀಲಕ್ಕೆ ಹಾಕಿದೆ. ಅಲ್ಲಿ ಮಗುವಿನ ಸ್ಕ್ಯಾನಿಂಗ್ ಚಿತ್ರ ಇತ್ತು. ತೆಗೆದೆ. ದೊಡ್ಡ ಚೀಲಕ್ಕೆ ಹಾಕಿದೆ. ಅಲ್ಲಿ ಅಮ್ಮ ಹೊಲಿದ ಪುಟ್ಟ ಅಂಗಿಗಳು. ಮತ್ತೆ ತೆಗೆದೆ. ಕ್ಯಾನ್ಸರ್ ಅಂಟುವ ರೋಗ ಅಲ್ಲ ಎಂದು ಬಿ.ಎಸ್ಸಿ. ಓದಿದ ನನಗೆ ಗೊತ್ತಿರಲಿಲ್ಲವೇ? ಮಿರ್ಕಾಬಿನ ನನ್ನ ಆಫೀಸಿನಲ್ಲಿ, ನಿಮ್ಮಿಂದ ರವಿಕೆ ಹೊಲಿಸಿಕೊಂಡವರೇ ನಿಮ್ಮ ಬಗ್ಗೆ ಪಿಸುಗುಟ್ಟಿದಾಗ ಬುದ್ಧಿ ಹೇಳಿದವಳೂ ನಾನೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎನ್ನುತ್ತಾರಲ್ಲ, ಹಾಗೆ. ಡಬ್ಬಿಯನ್ನು ಅಮ್ಮನ ಬೀರುವಿನಲ್ಲಿ ನನ್ನ ಮದುವೆಯ ಕೆಂಪು ಸೀರೆಯ ಅಡಿಗೆ ತಳ್ಳಿ ಬಾಗಿಲು ಹಾಕಿದೆ. ನಿಮ್ಮ ಹಪ್ಪಳ ಮಾತ್ರ ಒಂದೂ ಮುರಿಯದಂತೆ ತಂದುಕೊಟ್ಟೆ.

"ಕೊಡಲಿಲ್ಲ ಅಕ್ಕ, ಕಳೆದುಹೋದರೆ ಯಾರು ಹೊಣೆ ಅಂತಾರೆ." ನೀವು, "ಹೋಗಲಿ ಬಿಡು, ನೀನಾದರೂ ಎಂತ ಮಾಡ್ಲಿಕ್ಕಾಗ್ತದೆ?" ಎಂದಿರಿ. ಆಸ್ಪತ್ರೆಗೆ ಒಂದು ಫೋನು ಮಾಡಿದ್ದರೆ ನನ್ನ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ನೀವು ಮಾಡಲಿಲ್ಲ. ನನ್ನ ಮಾತೇ ಸಾಕಾಯಿತು ನಿಮಗೆ.

ಪರೀಕ್ಷೆ ಇಲ್ಲದಿದ್ದರೆ ಅಪಾಯ ಬೇಡ ಎಂದು ಡಾಕ್ಟರ್ ಕೀಮೋ ಶುರು ಮಾಡಿದರು. ನಾಲ್ಕು ಸುತ್ತು. ಬಚ್ಚಲಿನಲ್ಲಿ ನೀವು ವಾಂತಿ ಮಾಡುವ ಸದ್ದು ಗೋಡೆಯಾಚೆ ಕೇಳುತ್ತಿತ್ತು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಜಪಸರ ಹಿಡಿದು ಕೂರುತ್ತಿದ್ದೆ. ನೀವೋ — ನನ್ನ ಹತ್ತಿರ ಬರುವ ಮೊದಲು ಎರಡೆರಡು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದಿರಿ. "ಔಷಧಿ ಮೈಯಲ್ಲಿರ್ತದೆ ಮಾರಾಯ್ತಿ, ಮಗುವಿಗೆ ತಾಗಬಾರದು," ಎಂದು ಬೇರೆ ಬಕೆಟ್, ಬೇರೆ ಚೊಂಬು ಇಟ್ಟುಕೊಂಡಿರಿ. ಅದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಕೂದಲು ಮತ್ತೆ ಬಂತು. ಕೀಮೋ ಕಸಿದ ಬೆರಳಿನ ಸ್ಪರ್ಶ ಬರಲಿಲ್ಲ. ಅರ್ಧ ಫರ್ವಾನಿಯಾದ ರವಿಕೆ ಹೊಲಿದ ಬೆರಳುಗಳು ಅವು. ಸೂಜಿ ಚುಚ್ಚಿ ರಕ್ತ ಬಂದದ್ದು ಬಟ್ಟೆಯ ಮೇಲೆ ಕಲೆ ಕಂಡಾಗಲೇ ನಿಮಗೆ ತಿಳಿಯುತ್ತಿತ್ತು. ಒಂದು ದಿನ ಹೊಲಿಗೆ ಯಂತ್ರ ಮಾರಿಬಿಟ್ಟಿರಿ.

ಕಳೆದ ತಿಂಗಳು ಅಮ್ಮ ತೀರಿಕೊಂಡಳು. ಬೀರು ಖಾಲಿ ಮಾಡುವಾಗ ಡಬ್ಬಿ ಸಿಕ್ಕಿತು, ಇಟ್ಟ ಜಾಗದಲ್ಲೇ. ಕಿಟಕಿಯ ಬೆಳಕಿಗೆ ಹಿಡಿದೆ. ಮೇಣ ಹಾಗೇ ಇದೆ, ಬೇಳೆಯೂ ಹಾಗೇ ಇದೆ. ಇಂಥದ್ದನ್ನು ಎಷ್ಟೋ ವರ್ಷಗಳ ನಂತರವೂ ಓದಲು ಆಗಬಹುದು ಎಂದು ಆಸ್ಪತ್ರೆಯಲ್ಲಿ ಕೇಳಿ ತಿಳಿದೆ. ನಾನು ಮುಚ್ಚಿಟ್ಟದ್ದನ್ನು ಅದು ಒಂದಕ್ಷರ ಅಳಿಯದಂತೆ ಕಾಪಾಡಿಕೊಂಡು ಕೂತಿತ್ತು.

ಆಗ ಮನಸ್ಸಿಗೆ ಬಂದದ್ದನ್ನೂ ಹೇಳಿಬಿಡಬೇಕು. ಇದನ್ನು ಓದಿಸಿದರೆ ಕೀಮೋ ಬೇಕೇ ಇತ್ತು ಎಂದು ಬರಲಿ ದೇವರೇ, ಎಂದು ಬೇಡಿಕೊಂಡೆ. ಹಾಗೆಂದರೆ ಏನು ಅಕ್ಕ? ನನ್ನ ಎದೆ ಹಗುರಾಗಲು ನಿಮ್ಮ ರೋಗ ಕೆಟ್ಟದ್ದೇ ಆಗಿರಲಿ ಎಂದಲ್ಲವೇ. ಡಬ್ಬಿ ಬಿಟ್ಟುಬಂದದ್ದು ಹೆದರಿಕೆಯಿಂದ. ಇದು ಹೆದರಿಕೆ ಅಲ್ಲ.

ಹಾಗಾಗಿ ನಾನು ಅದನ್ನು ಎಲ್ಲಿಗೂ ಕಳಿಸುವುದಿಲ್ಲ. ಈ ಸಲ ಕೈಚೀಲದಲ್ಲೇ ತಂದಿದ್ದೇನೆ. ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಸಾಲ್ಮಿಯಾದ ನಿಮ್ಮ ಈಗಿನ ಮನೆಗೆ ಬರುತ್ತೇನೆ. ನೀವು ಎತ್ತಿ ಆಡಿಸಿದ ನನ್ನ ಮಗನನ್ನು ಜೊತೆಗೆ ತರುವುದಿಲ್ಲ. ಅವನ ಮುಖ ನೋಡಿ ನೀವು ಕ್ಷಮಿಸಿಬಿಡುತ್ತೀರಿ. ಓದಿಸುವುದೋ, ಎಸೆಯುವುದೋ, ನನ್ನನ್ನು ಬಾಗಿಲಿನಿಂದಲೇ ಕಳಿಸುವುದೋ, ಎಲ್ಲ ನಿಮಗೆ ಬಿಟ್ಟದ್ದು. ಬಾಗಿಲು ತೆರೆದರೆ ಡಬ್ಬಿಯನ್ನು ನಿಮ್ಮ ಅಂಗೈಯಲ್ಲಿಡುತ್ತೇನೆ. ಅದು ಅಲ್ಲಿರುವುದು ನಿಮ್ಮ ಬೆರಳುಗಳಿಗೆ ತಿಳಿಯಲಿಕ್ಕಿಲ್ಲ. ನಾನೇ ಅವನ್ನು ಒಂದೊಂದಾಗಿ ಮಡಚಿ, ಬೀಳದಂತೆ ಹಿಡಿಸುತ್ತೇನೆ.