ಕಂಬದ ಹಿಂದಿನ ಸೀಟು

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಹುಳಿಯಾರು ಬಸ್ಸಿಗೆ ಕಾಯುತ್ತಾ ಎಳನೀರು ಕುಡಿಯುತ್ತಿದ್ದೆ. ಅಂಗಡಿಯ ಕವಿತಾ ತನ್ನ ಮೆಚ್ಚಿನ ರಾಕ್ ಬ್ಯಾಂಡಿನ ಹೊಸ ಸ್ಟೇಡಿಯಂ ವೇದಿಕೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಳು. ನಾಲ್ಕು ದಪ್ಪ ಕಂಬಗಳ ನಡುವೆ ದುಂಡು ವೇದಿಕೆ. ಎಲ್ಲ ದಿಕ್ಕಿನಿಂದಲೂ ಕಾಣುತ್ತದೆಂದು ಅಭಿಮಾನಿಗಳು ಚಿತ್ರದ ಕೆಳಗೆ ಕುಣಿದಾಡಿ ಕಾಮೆಂಟು ಬರೆದಿದ್ದರು. ಅವಳ ಟಿಕೆಟ್ಟೂ ಆಗಿತ್ತು.

ಮದುವೆ ಚಪ್ಪರ ಹಾಕುವ ಅವಳ ಸೋದರಮಾವ ಶಿವಣ್ಣ ಮಾತ್ರ ಪಕ್ಕದಿಂದ ಇಣುಕಿ, "ನಿನ್ ಸೀಟ್ ಎಲ್ಲವ್ವ?" ಎಂದು ಕೇಳಿದ. ಅವಳು ಬೆರಳಿಟ್ಟು ತೋರಿಸಿದಳು. ನಾನು ಎಳನೀರಿನ ಗಂಜಿ ತಿಂದಿಟ್ಟ ಬುರುಡೆಯ ಹೋಳನ್ನು ಅವನು ಬೆಂಚಿನ ಮೇಲೆ ಬೋರಲು ಹಾಕಿ, ಸುತ್ತ ಪೊರಕೆಯ ನಾಲ್ಕು ಕಡ್ಡಿ ಚುಚ್ಚಿ, ನಡುವೆ ಹಾಡುಗಾರನೆಂದು ಬೆಂಕಿಕಡ್ಡಿ ನಿಲ್ಲಿಸಿದ.

"ಇಲ್ ಕೂತ್ಕಂಡು ನೋಡು."

ಕವಿತಾ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದಳು. "ಬರೀ ಕಂಬ ಮಾವ." ಮುಖ ಸಪ್ಪಗಾಯಿತು.

"ಚಪ್ಪರದ ಗುಂಡಿ ತೆಗಿಯೋಕ್ ಮುಂಚೆ ನಮ್ಮವ್ವನ್ನ ಕೊನೇ ಸಾಲಲ್ಲಿ ಕೂರುಸ್ತೀನಿ ಕಣ್ರೀ," ಎಂದು ಶಿವಣ್ಣ ನನಗೆ ಹೇಳಿದ. "ಅವ್ಳಿಗೆ ಹಸೆಮಣೆ ಕಂಡ್ರೇನೇ ಕಂಬ ನೆಡೋದು."

ಬಸ್ಸು ಬಂತು. ಕಿಟಕಿಯಿಂದ ನೋಡಿದರೆ, ಶಿವಣ್ಣ ಒಂದು ಕಡ್ಡಿ ಕಿತ್ತು ಪಕ್ಕಕ್ಕೆ ಚುಚ್ಚುತ್ತಿದ್ದ. ಕವಿತಾ ಇನ್ನೂ ಒಂದು ಕಣ್ಣು ಮುಚ್ಚಿಕೊಂಡೇ ಇದ್ದಳು. "ಇನ್ನೊಂಚೂರು ಮಾವ, ಇನ್ನೊಂಚೂರು..."