ಒಡಪು ಕತ್ತರಿಸಿದವರು

ನನ್ನ ಮೊಬೈಲಿನಲ್ಲಿ ಎರಡು ಗ್ರೂಪುಗಳಿದ್ದವು. ಒಂದು ಉದಗೀರಿನ ಟೆಕ್ ಹುಡುಗರದು, ಇನ್ನೊಂದು ನಿಲಂಗಾದ ಉದ್ಯಮಿಗಳದು. ಹುಡುಗರ ಲೆಕ್ಕದಲ್ಲಿ ನಾನು ಕಿರಾಣಿ ಅಂಗಡಿಯ ಸೊಸೆ. ಉದ್ಯಮಿಗಳ ಲೆಕ್ಕದಲ್ಲಿ ಕಂಪ್ಯೂಟರ್ ತಲೆಗೇರಿಸಿಕೊಂಡ ಹೆಂಗಸು. ಹೊಸ ಆ್ಯಪ್ ಬಂತೆಂದು ಅಲ್ಲಿ ಕುಣಿದಾಟ, ಯಾರಿಗೋ ಹೂಡಿಕೆದಾರ ಸಿಕ್ಕನೆಂದು ಇಲ್ಲಿ ಕುಣಿದಾಟ. ಎರಡೂ ಕಡೆ ಹೆಬ್ಬೆರಳಿನ ಚಿತ್ರ ಒತ್ತಿ ಒತ್ತಿ ನನಗೆ ಸಾಕಾಗಿತ್ತು. ಆದರೂ ಬಿಟ್ಟಿರಲಿಲ್ಲ. ಕೆಲಸ ಕಲಿಸುವವರೂ ಬೇಕಿತ್ತು, ಕಲಿತದ್ದನ್ನು ಬಜಾರಿಗೆ ಇಳಿಸುವವರೂ ಬೇಕಿತ್ತು.

ನಮ್ಮ ಅಂಗಡಿ ಇರುವುದು ಗಡಿಯಾಚೆ, ಮಹಾರಾಷ್ಟ್ರದ ಉಮರ್ಗಾದಲ್ಲಿ. ಬೀದರ್ ಕಡೆಯಿಂದ ಮದುವೆಯಾಗಿ ಬಂದವಳು ನಾನು. ಗಿರಾಕಿ ಹೆಂಗಸರು ಬೇಕಾದ ಸಾಮಾನನ್ನು ಮೊಬೈಲಿನಲ್ಲಿ ಮಾತಾಡಿ ಕಳಿಸುತ್ತಾರೆ. ಅರ್ಧ ಕನ್ನಡ, ಅರ್ಧ ಮರಾಠಿ, ನಡುವೆ ಕುಕ್ಕರಿನ ಸೀಟಿ. ಆ ಮಾತು ಕೇಳಿ ತಾನೇ ಚೀಟಿ ಬರೆಯುವ ಒಂದು ಆ್ಯಪ್ ಮಾಡಲು ಹೊರಟಿದ್ದೆ. ಸಿಗುವ ಆ್ಯಪುಗಳಿಗೆ ಬೆಂಗಳೂರಿನ ಕನ್ನಡ ಗೊತ್ತು, ಪುಣೆಯ ಮರಾಠಿ ಗೊತ್ತು. ಒಂದೂವರೆ ಕಿಲೋ ಬೇಳೆ ಬೇಗ ಕಳಿಸಿ ಎಂಬುದನ್ನು ನಮ್ಮವರ ಹಾಗೆ "ದೀಡ ಕಿಲೋ ಬ್ಯಾಳಿ ಕಳಸ್ರಿ, ಲವಕರ ಕಳಸ್ರಿ" ಅಂದರೆ ಸಾಕು, ಬಾಯಿ ಬಿಟ್ಟುಕೊಂಡು ಕೂಡುತ್ತವೆ. ನಾವೇನು ಮನುಷ್ಯರಲ್ಲವೇ? ಆ ಸಿಟ್ಟಿಗೇ ಕೆಲಸ ಶುರು ಮಾಡಿದೆ. ಔರಾದ ಶಹಾಜನಿ ಊರಿನ ನೆಂಟರು, ವಲಾಂಡಿಯ ಗಿರಾಕಿಗಳು, ಎಲ್ಲರ ಮಾತನ್ನೂ ಕೇಳಿ ಕೇಳಿ ಕೂಡಿಸಿದೆ.

ಆ್ಯಪಿನ ಕೊನೆಯ ಪ್ರಶ್ನೆ: "ಯಾರ ಮನಿಗಿ? ಹೆಸರು ಹೇಳ್ರಿ." ವಯಸ್ಸಾದ ಹೆಂಗಸರೆಲ್ಲ ಮುಗ್ಗರಿಸಿದ್ದು ಅಲ್ಲಿಯೇ. ಮನೆ ಗಂಡನ ಹೆಸರಿನದು, ಗಂಡನ ಹೆಸರನ್ನೋ ಅವರು ಬರಿದೇ ಹೇಳುವುದಿಲ್ಲ. "ನಮ್ಮ ಮನ್ಯಾರು" ಅನ್ನುತ್ತಾರೆ, "ಅವ್ರೇ ರೀ" ಅನ್ನುತ್ತಾರೆ. ಹೇಳಲೇಬೇಕಾಗಿ ಬಂದರೆ ಮದುವೆ ಮನೆಯಲ್ಲಿ ಮಾಡುವ ಹಾಗೆ ಒಡಪು ಹಾಕುತ್ತಾರೆ. ಪ್ರಾಸ ಕಟ್ಟಿ, ಕೊನೆಗೆ ಹೆಸರು ಇಡುತ್ತಾರೆ.

ನಾನೂ ಹೇಳಿ ನೋಡ್ತೀನಿ ಎಂದು ನನ್ನ ಅತ್ತೆ ಮೊಬೈಲ್ ಇಸಿದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆ್ಯಪಿನಲ್ಲಿ ಉಳಿದ ಅವರ ದನಿಯನ್ನು ಆಮೇಲೆ ನಾನು ಕೇಳಿಸಿಕೊಂಡೆ. ಬೆಲ್ಲ, ಶೇಂಗಾ, ಸಾಬೂನು ಎಲ್ಲ ಹೇಳಿ, ಹೆಸರಿನ ಹತ್ತಿರ ಬಂದು ನಿಂತು, ಗಂಟಲು ಸರಿಮಾಡಿಕೊಂಡಿದ್ದರು.

"ಉಮರ್ಗಾ ಸಂತ್ಯಾಗ ಹಸರ ಬಳಿ, ಔರಾದ ಸಂತ್ಯಾಗ ಕೆಂಪ ಬಳಿ, ಬಳಿ ಬ್ಯಾಡ, ಬಂಗಾರ ಬ್ಯಾಡ, ನನ್ನ ಮನಿಗಿ ಇವ್ರೇ ಕಳಿ..."

ಅದರ ಮೇಲೆ ಮಾವನ ಹೆಸರು, ಅಡ್ಡಹೆಸರಿನ ಸಮೇತ.

ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡನನ್ನು ಕಳಕೊಂಡವಳಿಗೆ ಒಡಪು ಹಾಕೆಂದು ಯಾರೂ ಹೇಳುವುದಿಲ್ಲ. ಕುಂಕುಮ, ಬಳೆಯ ಜೊತೆ ಅದನ್ನೂ ಕಸಿದುಕೊಂಡಿರುತ್ತೇವೆ. ಆ್ಯಪಿಗೆ ಅದು ಗೊತ್ತಿರಲಿಲ್ಲ, ಕೇಳಿಬಿಟ್ಟಿತು.

"ಅತ್ತಿ, ಈ ಒಡಪ ಆ್ಯಪಿಗಿ ಕಲಿಸ್ಲೇನ್ರಿ?" ಎಂದೆ.

"ಕಲಿಸು. ನನಗ ಇನ್ನ ಯಾರ ಕೇಳ್ತಾರ? ಅದರಾಗರ ಅವ್ರ ಹೆಸರು ಉಳೀಲಿ" ಎಂದರು.

ಅಷ್ಟೇ ಅವರು ಕೇಳಿದ್ದು. ಆದರೆ ಒಡಪು ಬಂದ ಕಡೆಯೆಲ್ಲ ಆ್ಯಪು ತಡವರಿಸಿ, ಚೀಟಿಯಲ್ಲಿ ಬಳೆ, ಬಂಗಾರ ಎಂದು ಬರೆಯುತ್ತಿತ್ತು. ಹೀಗಾಗುತ್ತಿದೆ, ಏನು ಮಾಡಲಿ ಎಂದು ಉದಗೀರಿನ ಗ್ರೂಪಿನಲ್ಲಿ ಅತ್ತೆಯ ದನಿ ಹಾಕಿ ಕೇಳಿದೆ. ಬುದ್ಧಿವಂತ ಹುಡುಗನೊಬ್ಬ ಮರಾಠಿಯಲ್ಲಿ ಬರೆದ: "ಹೇ ಸಗಳಂ ನಾಯ್ಸ್ ಆಹೆ, ವಹಿನಿ." ಇದೆಲ್ಲ ಬರೀ ಗದ್ದಲವಂತೆ, ಅತ್ತಿಗೆ! ಒಡಪನ್ನು ಕತ್ತರಿಸಿ, ಬರೀ ಹೆಸರು ಉಳಿಸಿ, ತೊಳೆದು ವಾಪಸು ಕಳಿಸಿದ. ಕೇಳಿದರೆ ಮೈ ಉರಿಯಿತು. ಬಾಳಿನಲ್ಲಿ ಒಂದು ಸಲವೂ ಮಾವನ ಹೆಸರನ್ನು ಅತ್ತೆ ಹಾಗೆ ಬೋಳಾಗಿ ಹೇಳಿರಲಿಲ್ಲ. ಉದ್ದಕ್ಕೆ ಬರೆದು ತಿಳಿಸಿ ಹೇಳಿದೆ. ಭಾವನೆ ಬೇರೆ, ಡೇಟಾ ಬೇರೆ ಎಂದು ಇನ್ನೊಬ್ಬ ಬುದ್ಧಿ ಹೇಳಿದ. ಅವನಿಗೆ ಹನ್ನೆರಡು ಹೆಬ್ಬೆರಳು ಬಿದ್ದವು.

ಆಮೇಲೆ ಆ್ಯಪು ತೋರಿಸು ಬಾ ಎಂದು ನಿಲಂಗಾದ ಉದ್ಯಮಿಗಳು ಕರೆದರು. ಅವರ ಕೂಟ ಒಂದು ಮಂಗಲ ಕಾರ್ಯಾಲಯದಲ್ಲಿ. ಮದುಮಕ್ಕಳ ಕುರ್ಚಿ ಇಡುವ ಅದೇ ವೇದಿಕೆಯ ಮೇಲೆ ಪರದೆ ಕಟ್ಟಿದ್ದರು. ಅತ್ತೆಯ ದನಿಯನ್ನು ಅವರ ಮುಖಂಡನಿಗೆ ಮೊದಲೇ ಕಳಿಸಿದ್ದೆ. ಆ್ಯಪು ಯಾಕೆ ಎಡವುತ್ತದೆ ನೋಡಿ, ಸಭೆಯಲ್ಲಿ ಹಾಕಬೇಡಿ ಎಂದು ಸ್ಪಷ್ಟವಾಗಿ ಬರೆದಿದ್ದೆ. ಅಂವಾ ಮೈಕು ಹಿಡಿದು ಮೊದಲು ಹಾಕಿದ್ದೇ ಅದನ್ನು. "ಇವ್ರೇ ಕಳಿ" ಎಂಬಲ್ಲಿಗೆ ಟಕ್ಕನೆ ನಿಲ್ಲಿಸಿದ.

"ಮಷಿನ್ ಕೇಳಿದ್ದು ಹೆಸರು, ಅಜ್ಜಿ ಹೇಳಿದ್ದು ಹಾಡು!"

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅದೇ ವೇದಿಕೆಯಲ್ಲಿ ತಮ್ಮ ಸೊಸೆಯಂದಿರು ಒಡಪು ಹಾಕಿದಾಗ ಚಪ್ಪಾಳೆ ತಟ್ಟಿದ ಜನ ಇವರೇ. ನಾನು ಎದ್ದು ನಿಂತು ಕೇಳಿದೆ, ಯಾರನ್ನು ಕೇಳಿ ಹಾಕಿದಿರಿ ಎಂದು.

"ಸಿಟ್ಟಾಗಬ್ಯಾಡ್ರಿ ಮ್ಯಾಡಮ್, ಹೆಸರು ತಗದೇ ಹಾಕೀವಿ. ಪ್ರೈವಸಿ" ಎಂದ, ಏನೋ ಉಪಕಾರ ಮಾಡಿದವನ ಹಾಗೆ.

ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದೆ. ನಾನು ಊರು ಮುಟ್ಟುವುದರೊಳಗೆ ಅದು ರೀಲ್ ಆಗಿ, ನಗುವ ಮುಖಗಳನ್ನು ಹೊತ್ತು, ನಮ್ಮ ಓಣಿಗೂ ಬಂದಿತ್ತು. ಪಕ್ಕದ ಮನೆಯಾಕೆ ಅತ್ತೆಗೆ ತೋರಿಸಿಯೂ ಆಗಿತ್ತು. ಯಾವ ಮುಖ ಹೊತ್ತು ಒಳಗೆ ಹೋಗಲಿ ಎಂದು ಹೊಸ್ತಿಲಲ್ಲೇ ಚಪ್ಪಲಿ ಬಿಡದೆ ನಿಂತೆ.

"ಬಾ ಒಳಗ. ಅದನ್ನ ಇನ್ನೊಮ್ಮಿ ಹಚ್ಚು" ಎಂದರು ಅತ್ತೆ.

ಹಚ್ಚಿದೆ. ನಗುವವರನ್ನು ಅವರು ನೋಡಲೇ ಇಲ್ಲ, ಕಿವಿಯನ್ನು ಮೊಬೈಲಿಗೆ ಕೊಟ್ಟು ಕೂತಿದ್ದರು.

"ಹೆಸರು ಎಲ್ಲದ?"

"ಕತ್ತರಿಸ್ಯಾರ್ರಿ, ಅತ್ತಿ."

ಅತ್ತೆಗೆ ಅಂಥ ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. "ನಗಲಿ, ನಕ್ಕರ ನಂದೇನ ಹೋಗ್ತದ? ಒಡಪ ಹಾಕದ್ಯಾಕ, ಆ ಹೆಸರಿಗೇ ಅಲ್ಲೇನ? ಹೆಸರೇ ಕಿತ್ತ ಒಗದ್ರ ನಾ ಯಾರಾಕಿ ಆದೆ? ಇವ್ರಿಗಿ ಹೆಣ್ತಿ ಮಕ್ಕಳ ಇಲ್ಲೇನ? ಪೂರಾ ಹಾಕು. ಎಲ್ಲಾರೂ ಕೇಳಲಿ."

ಉದಗೀರಿನವರು ಹೆಸರಿಟ್ಟುಕೊಂಡು ಒಡಪು ಎಸೆದಿದ್ದರು, ನಿಲಂಗಾದವರು ಒಡಪಿಟ್ಟುಕೊಂಡು ಹೆಸರು ಎಸೆದಿದ್ದರು. ಇಂಥವರ ನಡುವೆ ಒಂದು ಜಾಗ ಸಿಗಲಿ ಎಂದು ನಾನು ಇಷ್ಟು ದಿನ ಹಲ್ಲು ಕಿಸಿದುಕೊಂಡು ಕೂತಿದ್ದೆ! ಅತ್ತೆಯ ಮುಂದೆಯೇ ಪೂರ್ತಿ ದನಿಯನ್ನು ಎರಡೂ ಗ್ರೂಪಿಗೆ ಹಾಕಿದೆ. ಒಂದರಲ್ಲಿ ಹೆಬ್ಬೆರಳು ಬಂತು. ಇನ್ನೊಂದರಲ್ಲಿ ಮುಖಂಡ, ಅಜ್ಜಿಯ ಇನ್ನೂ ಇಂಥವು ಇದ್ದರೆ ಕಳಿಸಿ, ರೀಲ್ ಚೆನ್ನಾಗಿ ಓಡುತ್ತಿದೆ ಎಂದು ಬರೆದ. ಎರಡರಿಂದಲೂ ಹೊರಬಿದ್ದೆ.

ಆ್ಯಪನ್ನು ಒಬ್ಬಳೇ ಕೂತು ತಿದ್ದಿದೆ, ಬಹಳ ದಿನ ಹಿಡಿಯಿತು. ಈಗ ಅದು ಒಡಪು ಮುಗಿಯುವ ತನಕ ಸುಮ್ಮನೆ ಕಾಯುತ್ತದೆ, ಹೆಸರು ಬಂದ ಮೇಲೆ ಚೀಟಿ ಬರೆಯುತ್ತದೆ. ಅತ್ತೆ ದಿನಾ ಅಡುಗೆಮನೆಯಲ್ಲಿ ಕೂತು, ಒಡಪು ಹಾಕಿ, ನಮ್ಮದೇ ಅಂಗಡಿಯಿಂದ ಸಾಮಾನು ತರಿಸುತ್ತಾರೆ. ಚೀಟಿಯ ಮೇಲೆ ಮಾವನ ಹೆಸರು.

ಮೊನ್ನೆ ನನ್ನ ಗಂಡ ಆ ಚೀಟಿ ಹಿಡಿದು ಗೊಣಗಿದರು. "ಮತ್ತ ಬೆಲ್ಲ ಏನು? ನಿನ್ನೆನೇ ಕಳಸೀನಿ. ಮನ್ಯಾಗ ಡಬ್ಬಿ ತುಂಬ್ಯಾವ."

"ಏನೂ ಕೇಳಬ್ಯಾಡ್ರಿ," ಎಂದೆ ರೇಗಿ, "ತೂಗಿ ಕಳಸ್ರಿ."