ತಲೆಮೇಷ್ಟ್ರ ನಲವತ್ತನೆಯ ತಲೆ

ನಮ್ಮ ಲ್ಯಾಬಿನಲ್ಲಿ ಮನುಷ್ಯ ಮಾತಾಡುವುದು ಹೇಗೆ ಎಂಬ ಬಗ್ಗೆ ಸಂಶೋಧನೆ ನಡೆಯುತ್ತದೆ. ಆದ್ದರಿಂದ ಅಲ್ಲಿ ಯಾರೂ ಮಾತಾಡುವಂತಿಲ್ಲ. ಬಂದವರ ತಲೆಗೆ ಮಿದುಳಿನ ಅಲೆ ಹಿಡಿಯುವ ಅರವತ್ತನಾಲ್ಕು ಲೋಹದ ಬಿಲ್ಲೆಗಳಿರುವ ಬಿಗಿ ಟೋಪಿ ತೊಡಿಸಿ, ಒಂದೊಂದು ಬಿಲ್ಲೆಯ ಕೆಳಗೂ ಕೂದಲು ಸರಿಸಿ ಜೆಲ್ ತುಂಬಿ, ಪರದೆಯ ಮುಂದೆ ಕೂರಿಸುತ್ತೇವೆ. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ. ಹಸಿರು ಚುಕ್ಕೆ ಬಂದ ಮೇಲಷ್ಟೇ ಅದರ ಹೆಸರು ಹೇಳಬೇಕು. ಅಲ್ಲಿಯವರೆಗೆ ಕಣ್ಣು ಮಿಟುಕಿಸಬಾರದು, ಹಲ್ಲು ಕಚ್ಚಬಾರದು, ಉಗುಳು ನುಂಗಬಾರದು. ಮಾತು ಬಾಯಿಗೆ ಬರುವ ಮೊದಲು ಮಿದುಳಿನಲ್ಲಿ ಏಳುವ ಅಲೆ ನಮಗೆ ಬೇಕು. ಬಾಯಿ ಅಲ್ಲಾಡಿದರೆ ಅಲೆಯೆಲ್ಲ ಕಲಸುಮೇಲೋಗರ. ಬಂದವರಿಂದ ಫಾರಂಗೆ ಸಹಿ ಹಾಕಿಸುವ ಗುಮಾಸ್ತೆ ನಾನು. ಎಂಟು ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ಮನೆಯಲ್ಲೂ ಯಾರಿಗೂ ನನ್ನ ಮಾತು ಕೇಳಿಸುವುದಿಲ್ಲ.

ಟೋಪಿ ತೊಡಿಸುವ ಕೆಲಸ, ಲ್ಯಾಬಿನಲ್ಲಿ ನಾವೆಲ್ಲ ತಲೆಮೇಷ್ಟ್ರು ಎಂದು ಕರೆಯುವವರದು. "ಜನಕ್ಕೆ ಟೋಪಿ ಹಾಕಿ, ಥ್ಯಾಂಕ್ಸ್ ಅನ್ನಿಸಿಕೊಳ್ಳೋನು ನಾನೊಬ್ಬನೇ" ಎಂಬುದು ಅವರದೇ ಜೋಕು, ವಾರಕ್ಕೆ ಎರಡು ಸಲ ಕೇಳಲೇಬೇಕು. ಮೊದಲು ಅವರದು ಇಪ್ಪತ್ತಾರು ವರ್ಷದ ಕಟಿಂಗ್ ಅಂಗಡಿ. ಪಿಎಚ್‌ಡಿ ಮಾಡುವವರು ಒಂದು ತಲೆಗೆ ಒಂದೂವರೆ ಗಂಟೆ ಗುದ್ದಾಡಿ ಕೊನೆಗೆ ಕೂದಲಿಗೇ ಬೈಯುತ್ತಿದ್ದ ಕಾಲದಲ್ಲಿ, ಲ್ಯಾಬಿನ ಯಜಮಾನಿ ನಮ್ಮ ಮೇಡಂ ಇವರನ್ನು ಕರೆಸಿದರು. ಇವರು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಕೈ ಒರೆಸಿಕೊಂಡರು. "ಸುಳಿ ನೋಡ್ಕೊಂಡು ಹೋಗ್ಬೇಕು ಮೇಡಂ, ಕೂದಲ ಜೊತೆ ಜಗಳ ಆಡಬಾರದು" ಅಂದರು. ಮೇಡಂ ಅಲ್ಲೇ ಕೆಲಸ ಕೊಟ್ಟರು, ಇವರು ಅಲ್ಲೇ ಒಪ್ಪಿಕೊಂಡರು. ಹೆಂಡತಿಗೆ ವಿಷಯ ಗೊತ್ತಾದದ್ದು, ನಾಲ್ಕು ದಿನದ ಮೇಲೆ ಗಂಡ ಅಂಗಡಿಯ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಮನೆ ಬಾಗಿಲಲ್ಲಿ ನಿಂತಾಗ.

ಆ ಅಂಗಡಿ ಅರ್ಧಕ್ಕರ್ಧ ಆಕೆಯದು. ದಿನಾ ಮೂವತ್ತು ಟವೆಲು ಒಗೆದವರು, ಗಿರಾಕಿಗಳಿಗೆ ಹೊದಿಸುವ ಬಟ್ಟೆ ಹೊಲಿದವರು, ಕನ್ನಡಿ ಆರಿಸಿದವರು, ಗಂಡನ ಬೆರಳು ತರಚದಿರಲಿ ಎಂದು ಕತ್ತರಿಯ ಹಿಡಿಗೆ ಕೆಂಪು ದಾರ ಸುತ್ತಿದವರು, ಎಲ್ಲ ಅವರೇ. ಬೋರ್ಡನ್ನು ಒಂದು ಸಲ ನೋಡಿದರು, ಗಂಡನನ್ನು ಒಂದು ಸಲ ನೋಡಿದರು. ಬೋರ್ಡನ್ನು ಇಸಿದುಕೊಂಡು ಹೋಗಿ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿದರು. ಅವತ್ತಿನಿಂದ ಗಂಡನ ಜೊತೆ ಮಾತು ಬಂದ್. ಹನ್ನೊಂದು ತಿಂಗಳು! ಹೇಳಬೇಕಾದ್ದೆಲ್ಲ ಮಗಳ ಮೂಲಕ. "ನಿಮ್ಮಪ್ಪಂಗೆ ಹೇಳು, ಊಟ ಆರ್ತಿದೆ ಅಂತ." ನಿಮ್ಮಪ್ಪ ಎರಡಡಿ ದೂರದಲ್ಲೇ ಕೂತಿರುತ್ತಾರೆ. ಮಗಳು ಒಂದು ವಾರ ಊರಲ್ಲಿಲ್ಲದಾಗ ಅದನ್ನೇ ಗೋಡೆಗೆ ಹೇಳಿದರಂತೆ.

"ಬೈದ್ರೂ ಸಾಕು ಕಣಮ್ಮ" ಎಂದು ಮೇಷ್ಟ್ರು ನನ್ನ ಮೇಜಿಗೆ ಒರಗಿ ಹೇಳುತ್ತಿದ್ದರು. "ಒಂದು ಮಾತು, ಎಂಥದ್ದಾದ್ರೂ ಸರಿ." ಅವರು ಲ್ಯಾಬಿನಲ್ಲಿ ಕಾದದ್ದು ಅಲೆಗೆ, ಮನೆಯಲ್ಲಿ ಕಾದದ್ದು ಆ ಒಂದು ಮಾತಿಗೆ.

ಒಂದು ದಿನ ತಡೆಯಲಾರದೆ ಮೇಡಂರನ್ನೇ ಕೇಳಿದರು. "ಒಳಗೆ ಹುಟ್ಟಿ, ಬಾಯಿಗೆ ಬಾರದೆ ಉಳಿದ ಮಾತು ಕಂಪ್ಯೂಟರಿನ ಈ ಅಲೆ ಗೆರೆಗಳಲ್ಲಿ ಕಾಣತ್ತಾ ಮೇಡಂ?"

"ಒಂದು ಸಲಕ್ಕೆ ಏನೂ ಕಾಣಲ್ಲ. ನೂರಾರು ಸಲ ಹೇಳಿಸಿ, ಎಲ್ಲ ಕೂಡಿಸಿ ನೋಡಿದ್ರೆ ಒಂದು ಸಣ್ಣ ಉಬ್ಬು."

"ನಮ್ಮನೆಯೋಳು ಒಂದು ಸಲ ಹೇಳಿದ್ರೂ ನಂಗೆ ಸಾಕಿತ್ತು" ಎಂದು ಗೊಣಗಿಕೊಂಡು ಟೋಪಿ ತೊಳೆಯಲು ಹೋದರು.

ಇನ್ನೊಂದು ತಮಾಷೆ ಇದೆ. ಆ ಕುರ್ಚಿಯಲ್ಲಿ ಕೂತವರಿಗೆ ಕೊಡೆಯನ್ನು ಕೊಡೆ ಎನ್ನಲೂ ನಾಲಿಗೆ ತಡವರಿಸುತ್ತದೆ. ಟೋಪಿ ತೆಗೆದು, ಕೂದಲಿನ ಜೆಲ್ ತೊಳೆಯಲು ಬೇಸಿನ್ನಿಗೆ ತಲೆ ಒರಗಿಸಿ, ಮೇಷ್ಟ್ರು ಹಳೇ ಅಭ್ಯಾಸದಂತೆ "ನೀರು ಬಿಸಿ ಸಾಕಾ?" ಅಂದದ್ದೇ ತಡ, ಸೊಂಟನೋವಿನಿಂದ ಹಿಡಿದು ಅಳಿಯನ ಕುಡಿತದವರೆಗೆ ಎಲ್ಲ ಹೊರಗೆ ಬರುತ್ತದೆ. ಬೇಸಿನ್ನು ನನ್ನ ಮೇಜಿನ ಹಿಂದಿನ ಬಟ್ಟೆ ಪರದೆಯಾಚೆಗೇ ಇರುವುದರಿಂದ ಅಷ್ಟನ್ನೂ ನಾನು ಕೇಳಿದ್ದೇನೆ. ಅಷ್ಟು ಹೊತ್ತಿಗೆ ಯಂತ್ರ ಆಫ್ ಆಗಿರುತ್ತದೆ.

ಈ ಸಲದ ಅಧ್ಯಯನಕ್ಕೆ ಐವತ್ತು ದಾಟಿದ ಹೆಂಗಸರು ನಲವತ್ತು ಜನ ಬೇಕಿತ್ತು. ಮೂವತ್ತೊಂಬತ್ತು ಆಗಿ, ನಲವತ್ತನೆಯವರು ಹೊಸದಾಗಿ ತಲೆಗೆ ಬಣ್ಣ ಹಚ್ಚಿಸಿಕೊಂಡಿದ್ದೇನೆ, ಜೆಲ್ ತಾಗಿದರೆ ಕೆಡುತ್ತದೆ ಎಂದು ಕೈಕೊಟ್ಟರು. ಮೇಡಂ ತಾವೇ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದರು. "ಆಯ್ತು, ಬರ್ತೀನಿ" ಎಂದು ಉತ್ತರ ಬಂತು. ಮೇಡಂಗೆ ಎರಡು ಮಾತು ಸಿಕ್ಕಿತಲ್ಲ ಎಂದು ಮೇಷ್ಟ್ರಿಗೆ ಹೊಟ್ಟೆಕಿಚ್ಚು.

ಆಕೆ ಬಂದರು, ಸಹಿ ಹಾಕಿದರು, ಕೂತರು. ಊರವರ ತಲೆಯನ್ನೆಲ್ಲ ಮುಟ್ಟಿದ ಕೈ ಆ ತಲೆಯ ಮೇಲೆ ಒಂದೊಂದು ಬಿಲ್ಲೆಯನ್ನೂ ಎರಡೆರಡು ಸಲ ಕೂರಿಸಿತು. ಇಪ್ಪತ್ತು ನಿಮಿಷದ ಕೆಲಸಕ್ಕೆ ಐವತ್ತು ನಿಮಿಷ ಹಿಡಿಯಿತು. ರೆಕಾರ್ಡಿಂಗ್ ಶುರುವಾದ ಮೇಲೆ ಮೇಡಂ ಗಾಜಿನಾಚೆಯಿಂದ ಬೆರಗಾಗಿ ನೋಡಿದರು. ಕಣ್ಣು ಮಿಟುಕಿಲ್ಲ, ದವಡೆ ಬಿಗಿತವಿಲ್ಲ.

"ಎಷ್ಟು ಚೆನ್ನಾಗಿ ಮಾತು ತಡ್ಕೋತಾರೆ! ಇಂಥವರನ್ನ ನಾನು ನೋಡೇ ಇಲ್ಲ."

ಹನ್ನೊಂದು ತಿಂಗಳ ಸಾಧನೆ ತಾಯಿ, ಎಂದುಕೊಂಡೆ ಮನಸ್ಸಿನಲ್ಲೇ.

ತಟ್ಟೆ, ಕೊಡೆ, ಬೀಗ ಎಲ್ಲ ಸರಿಯಾಗಿ ಬಂದವು. ಆಮೇಲೆ ಕತ್ತರಿಯ ಚಿತ್ರ ಬಂತು. ಲ್ಯಾಬಿನವರು ಕೈಗೆ ಸಿಕ್ಕಿದ ಸಾಮಾನಿನ ಫೋಟೋ ತೆಗೆದು ಈ ಚಿತ್ರಗಳನ್ನು ಮಾಡಿಕೊಂಡಿದ್ದರು. ಕತ್ತರಿ ಕೊಟ್ಟದ್ದು ಮೇಷ್ಟ್ರು. ಹಿಡಿಗೆ ಕೆಂಪು ದಾರ ಸುತ್ತಿತ್ತು. ಮೂವತ್ತೊಂಬತ್ತು ಜನ ಅದನ್ನು ನೋಡಿ ಕತ್ತರಿ ಅಂದಿದ್ದರು. ಹಸಿರು ಚುಕ್ಕೆ ಬಂತು. ಆಕೆ ಹೇಳಿದರು:

"ನಮ್ಮ ಅಂಗಡೀದು."

ಸರಿ, ತಪ್ಪು ಎಂದು ಎರಡು ಗುಂಡಿ ಇವೆ; ಒತ್ತಬೇಕಾದವರು ಮೇಷ್ಟ್ರು. ಅವರ ಬೆರಳು ಎರಡರ ನಡುವೆ ನಿಂತುಬಿಟ್ಟಿತು.

"ತಪ್ಪು ಒತ್ತಿ. ಉತ್ತರ ಕತ್ತರಿ ತಾನೇ? ಅದೊಂದನ್ನ ತೆಗೆದುಹಾಕೋಣ" ಅಂದರು ಮೇಡಂ.

"ತಪ್ಪೇ ಮೇಡಂ" ಅಂದರು ಮೇಷ್ಟ್ರು, "ಆದ್ರೆ ಅವಳದಲ್ಲ." ತಪ್ಪಿನ ಗುಂಡಿ ಒತ್ತಿದರು.

ಕೊನೆಗೆ ಬೇಸಿನ್ನು. ಮೇಷ್ಟ್ರು ಹೆಂಡತಿಯ ತಲೆಯನ್ನು ಒರಗಿಸಿ ನಲ್ಲಿ ಬಿಟ್ಟರು. ಅಭ್ಯಾಸಬಲ, ಬಾಯಿಂದ ಬಂದೇಬಿಟ್ಟಿತು. "ನೀರು ಬಿಸಿ ಸಾಕಾ?"

ನಾನು ಬರೆಯುವುದನ್ನು ನಿಲ್ಲಿಸಿದೆ.

"ಬಂದು ಕೂತೋರನ್ನೆಲ್ಲ ಕೇಳ್ತೀರಿ" ಎಂದಿತು ಪರದೆಯಾಚೆಯ ದನಿ. "ಬಿಸಿ ಸಾಕಾ, ಗಿಡ್ಡ ಮಾಡ್ಲಾ, ಬೈತಲೆ ಯಾವ ಕಡೆ ತೆಗೀಲಿ ಅಂತ. ಅಂಗಡಿ ಮುಚ್ಚೋವಾಗ ನನ್ನೊಬ್ಬಳನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

ಮೇಷ್ಟ್ರು ನಲ್ಲಿಯನ್ನು ಸಣ್ಣಗೆ ತಿರುಗಿಸಿದ ಸದ್ದು ಕೇಳಿಸಿತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

"ಕೇಳ್ಬೇಕಿತ್ತು ಕಣೇ" ಅಂದರು ಮೇಷ್ಟ್ರು. "ತಪ್ಪು ಮಾಡ್ದೆ."



"ಸಾಲ್ದು" ಅಂದರು ಆಕೆ. "ನೀರು ಇನ್ನೂ ಸ್ವಲ್ಪ ಬಿಸಿ ಆಗ್ಬೇಕು."